ಎರಡು ಅಡಿ ಟ್ಯಾಂಕಿಗೆ ಎಷ್ಟು ಮೀನು? ನಾನು ಲೆಕ್ಕ ಹಾಕಿದ್ದು ಹೀಗೆ

ನಮ್ಮ ಮನೆಯ ಟ್ಯಾಂಕ್ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಬೆಂಗಳೂರಿನ ಮೀನಿನ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಅಳತೆಗಳಲ್ಲಿ ಇದೂ ಒಂದು. ಇದರಲ್ಲಿ ಎಷ್ಟು ಮೀನು ಬಿಡಬಹುದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಂಗಡಿಯವರು, "ಇಪ್ಪತ್ತೈದು, ಮೂವತ್ತು ಬಿಡಿ ಮೇಡಂ, ಏರ್ ಪಂಪ್ ಒಂದಿದ್ರೆ ಸಾಕು" ಎಂದರು. ಟ್ಯಾಂಕ್ ಕೊಟ್ಟ ನನ್ನ ಅಣ್ಣ, "ಹತ್ತು. ಅದರ ಮೇಲೆ ಒಂದೂ ಬೇಡ" ಎಂದ. ನಮ್ಮತ್ತೆ, "ಒಂದು ಜೋಡಿ ಇದ್ರೆ ಸಾಕಲ್ವೇನಮ್ಮಾ" ಎಂದರು. ಆರನೇ ಕ್ಲಾಸಿನ ಮಗಳ ಉತ್ತರ ನೂರು.

ಯಾರನ್ನು ಕೇಳಿದರೂ "ಯಾಕೆ ಅಷ್ಟು" ಎಂಬುದಕ್ಕೆ ಮಾತ್ರ ಉತ್ತರ ಇರಲಿಲ್ಲ. ನಾನು ಕೆಲಸ ಮಾಡುವುದು ಲೆಕ್ಕಪತ್ರದ ವಿಭಾಗದಲ್ಲಿ. ಕಾರಣ ಇಲ್ಲದ ಅಂಕಿ ಕಂಡರೆ ನನಗೆ ತಲೆ ಕೆರೆತ ಶುರುವಾಗುತ್ತದೆ. ಹಾಗಾಗಿ ಮೀನು ತರುವುದನ್ನು ಮುಂದಕ್ಕೆ ಹಾಕಿ, ಮೊದಲು ಟೇಪು ಹಿಡಿದು ಕೂತೆ.

ಮೀನು ಸಾಕುವವರ ನಡುವೆ ಬಹಳ ಕಾಲದಿಂದ ಓಡಾಡುತ್ತಿರುವ ಸೂತ್ರ ಒಂದಿದೆ: ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು. ಒಂದು ಘನ ಅಡಿ ಎಂದರೆ 28.3 ಲೀಟರ್. ನಮ್ಮದು ಎರಡು ಘನ ಅಡಿ, ಅಂದರೆ 56.6 ಲೀಟರ್. ಸೂತ್ರ ಅಮೆರಿಕದವರದ್ದು, ಅವರ ಗ್ಯಾಲನ್ 3.785 ಲೀಟರ್. ಭಾಗಿಸಿದರೆ 15 ಗ್ಯಾಲನ್, ಅಂದರೆ 15 ಇಂಚು ಮೀನು. ಬ್ರಿಟಿಷರ ಗ್ಯಾಲನ್ ಹಿಡಿದರೆ (ಅದು 4.5 ಲೀಟರಿಗಿಂತ ಸ್ವಲ್ಪ ಜಾಸ್ತಿ) ಅದೇ ಟ್ಯಾಂಕು ಹನ್ನೆರಡೂವರೆಗೆ ಇಳಿಯುತ್ತದೆ. ಮೀನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು!

ಇನ್ನೊಂದು ಸೂತ್ರ ನೀರಿನ ಮೇಲ್ಮೈಯದು. ಬಿಸಿನಾಡಿನ ಸಣ್ಣ, ತೆಳು ಮೈಯ ಮೀನಾದರೆ ಇಂಚಿಗೆ 12 ಚದರ ಇಂಚು ಮೇಲ್ಮೈ ಬೇಕು ಎನ್ನುತ್ತದೆ ಅದು. 24 ಇಂಚು ಉದ್ದ, 12 ಇಂಚು ಅಗಲ, ಗುಣಿಸಿದರೆ 288. ಅದನ್ನು 12ರಿಂದ ಭಾಗಿಸಿದರೆ 24 ಇಂಚು ಮೀನು.

ಒಂದೇ ಟ್ಯಾಂಕು, ಒಂದು ಲೆಕ್ಕದಲ್ಲಿ 15, ಇನ್ನೊಂದರಲ್ಲಿ 24. ಇನ್ನೂ ನೀರೇ ತುಂಬಿಸಿರಲಿಲ್ಲ.

ತುಂಬಿಸಿದ ಮೇಲೆ ಮತ್ತೊಂದು ಅಂಕಿ ಬಂತು. 56.6 ಲೀಟರ್ ಅನ್ನುವುದು ಹೊರಗಿನ ಅಳತೆ. ಗಾಜಿನ ದಪ್ಪ ಕಳೆಯಬೇಕು. ನೀರು ಅಂಚಿನವರೆಗೆ ತುಂಬಿಸುವ ಹಾಗಿಲ್ಲ, ಎರಡು ಮೂರು ಸೆಂಟಿಮೀಟರ್ ಕೆಳಗೆ ನಿಲ್ಲಿಸಬೇಕು. ತಳಕ್ಕೆ ಜಲ್ಲಿಕಲ್ಲು, ಅದರ ಮೇಲೆ ಒಂದೆರಡು ಕಲ್ಲು, ಮರದ ಬೇರು. ಇವೆಲ್ಲ ಜಾಗ ತಿನ್ನುತ್ತವೆ. ಕಾಗದದ ಮೇಲೆ ಕಳೆಯುವ ಬದಲು ನಾನು ಕುಡಿಯುವ ನೀರಿನ 20 ಲೀಟರ್ ಕ್ಯಾನ್ ತಂದಿಟ್ಟುಕೊಂಡೆ. ಜಲ್ಲಿ, ಕಲ್ಲು ಎಲ್ಲ ಜೋಡಿಸಿದ ಮೇಲೆ ಕ್ಯಾನಿನಲ್ಲೇ ಅಳೆದು ಸುರಿದೆ. ಎರಡು ಕ್ಯಾನು ಪೂರ್ತಿ ಹಿಡಿಯಿತು, ಮೇಲೆ ಎರಡು ಲೀಟರ್. ಒಟ್ಟು 42. ಅಂಗಡಿಯವರ ಬಾಯಲ್ಲಿ "ಅರವತ್ತು ಲೀಟರ್ ಟ್ಯಾಂಕ್" ಆಗಿದ್ದರಲ್ಲಿ ನಿಜವಾಗಿ ಇದ್ದ ನೀರು 42 ಲೀಟರ್. ಗ್ಯಾಲನ್ ಸೂತ್ರ ಈಗ 11 ಇಂಚಿಗೆ ಇಳಿಯಿತು. ಯಾರಾದರೂ ಈ ಲೆಕ್ಕಕ್ಕೆ ಕೈ ಹಾಕುವುದಾದರೆ ನೀರನ್ನು ಅಳೆದೇ ತುಂಬಿಸಿ. ಇದು ಒಂದೇ ಸಲ ಸಿಗುವ ಅವಕಾಶ. ಮುಂದೆ ಔಷಧಿ ಹಾಕಬೇಕಾಗಿ ಬಂದರೂ ಇದೇ ಅಂಕಿ ಬೇಕಾಗುತ್ತದೆ.

ಇಂಚಿನ ಲೆಕ್ಕದ ತೊಂದರೆ ಮಗಳಿಗೆ ನನಗಿಂತ ಬೇಗ ಹೊಳೆಯಿತು. "ಅಮ್ಮಾ, ಗಪ್ಪಿ ಬಾಲಾನೂ ಅಳೀಬೇಕಾ?" ಎಂದಳು. ಸರಿಯಾದ ಪ್ರಶ್ನೆ. ಗಂಡು ಗಪ್ಪಿಯ ಉದ್ದದಲ್ಲಿ ದೊಡ್ಡ ಪಾಲು ಬಾಲದ್ದೇ. ಬಾಲ ಉಸಿರಾಡುವುದಿಲ್ಲ, ಕಕ್ಕ ಮಾಡುವುದಿಲ್ಲ. ಅಳೆಯುವುದಾದರೆ ಮೂತಿಯಿಂದ ಬಾಲದ ಬುಡದವರೆಗೆ ಅಳೆಯಬೇಕು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮೀನಿನ ಉದ್ದ ಎರಡರಷ್ಟಾದರೆ ಅಗಲ, ದಪ್ಪ ಕೂಡ ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ. ಹಾಗಾಗಿ ತೂಕ ಎಂಟರಷ್ಟು. ಐದು ಇಂಚಿನ ಮೀನು ಒಂದು ಇಂಚಿನ ಐದು ಮೀನಿಗೆ ಸಮ ಅಲ್ಲವೇ ಅಲ್ಲ, ಅದೇ ಆಕಾರದ ನೂರಿಪ್ಪತ್ತೈದಕ್ಕೆ ಸಮ. ಸೂತ್ರದ ಪ್ರಕಾರ ಹತ್ತು ಇಂಚಿನ ಒಂದು ಆಸ್ಕರ್ ಮೀನನ್ನು 38 ಲೀಟರಿನಲ್ಲಿ ಇಡಬಹುದು. ಇಟ್ಟರೆ ಅದಕ್ಕೆ ತಿರುಗಲೂ ಜಾಗ ಇರುವುದಿಲ್ಲ.

ಹಾಗಂತ ಹಳಬರ ಸೂತ್ರಗಳನ್ನು ಸುಮ್ನೆ ತೆಗೆದು ಬಿಸಾಕುವ ಹಾಗೂ ಇಲ್ಲ. ಎರಡೂ ಬೇರೆ ಬೇರೆ ಭಯದಿಂದ ಹುಟ್ಟಿದವು. ಮೇಲ್ಮೈ ಸೂತ್ರದ ಭಯ ಉಸಿರಿನದು. ಗಾಳಿಯ ಆಮ್ಲಜನಕ ನೀರಿಗಿಳಿಯುವುದು ಮೇಲ್ಮೈಯಿಂದ. ಅದಕ್ಕೇ ಉದ್ದುದ್ದ, ಸಣ್ಣ ಬಾಯಿಯ ಜಾಡಿಗಿಂತ ಅಗಲದ ತೊಟ್ಟಿ ಒಳ್ಳೆಯದು. ಏರ್ ಪಂಪಿನ ಕೆಲಸವೂ ಮುಖ್ಯವಾಗಿ ಇದೇ. ಗುಳ್ಳೆಗಳು ಮೇಲೆದ್ದು ನೀರನ್ನು ಕಲಕುತ್ತವೆ, ಮೇಲಿನ ನೀರು ಕೆಳಗೆ, ಕೆಳಗಿನದು ಮೇಲೆ ಬರುತ್ತದೆ.

ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಒಂದು ಲೀಟರ್ ನೀರು ಹಿಡಿದಿಡುವುದು ಸುಮಾರು 8.3 ಮಿಲಿಗ್ರಾಂ. 30 ಡಿಗ್ರಿಗೆ ಅದು 7.6ರ ಹತ್ತಿರಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಅಂದಮೇಲೆ ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮಂಗಳೂರಿನಲ್ಲಿ ಸಾಕುವವರಿಗೆ ಸೆಕೆಯ ಕಷ್ಟ, ನಮಗೆ ಎತ್ತರದ ಕಷ್ಟ. ಮೀನು ತಡೆದುಕೊಳ್ಳುತ್ತದೆ, ಪಂಪ್ ಓಡುತ್ತಿರುವವರೆಗೆ. ಏಪ್ರಿಲ್ ರಾತ್ರಿ ಕರೆಂಟ್ ಹೋಗಿ ಬೆಳಗಿನವರೆಗೆ ಬರದಿದ್ದರೆ? ಟ್ಯಾಂಕಿನಲ್ಲಿ ಗಿಡಗಳಿದ್ದರೆ ರಾತ್ರಿ ಹೊತ್ತು ಅವೂ ಆಮ್ಲಜನಕ ಬಳಸುತ್ತವೆ. ಅಂಗಡಿಯವರು ಹೇಳಿದ ಮೂವತ್ತು ಮೀನು ಕರೆಂಟು ಎಂದೂ ಹೋಗದ ಊರಿನ ಲೆಕ್ಕ. ನಾನು ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದನ್ನು ಜೊತೆಗೆ ತಂದುಕೊಂಡೆ.

ಗ್ಯಾಲನ್ ಸೂತ್ರದ ಭಯ ಗಲೀಜಿನದು. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಮೀನು ತಿಂದದ್ದರಲ್ಲಿ ಬೇಡವಾದ ಸಾರಜನಕ ಬಹುಪಾಲು ಕಿವಿರುಗಳ ಮೂಲಕ ಅಮೋನಿಯ ಆಗಿ ನೀರಿಗೆ ಬರುತ್ತದೆ. ಅದು ವಿಷ. ಫಿಲ್ಟರಿನ ಸ್ಪಂಜು, ಜಲ್ಲಿಯ ಮೇಲೆ ನೆಲೆಸುವ ನೈಟ್ರೊಸೊಮೊನಾಸ್ ಥರದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ನೈಟ್ರೋಸ್ಪೈರಾ ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟು ಕೆಟ್ಟದ್ದಲ್ಲ, ಆದರೆ ಇದರ ಮುಂದೆ ದಾರಿ ಇಲ್ಲ. ಗಿಡಗಳು ಒಂದಷ್ಟು ಹೀರುತ್ತವೆ, ಉಳಿದದ್ದು ನಾವು ನೀರು ಬದಲಿಸುವವರೆಗೆ ಅಲ್ಲೇ ಕೂಡುತ್ತಾ ಹೋಗುತ್ತದೆ.

ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಭಾಗ ಉದ್ದಕ್ಕೆ ಹೇಳುವಂಥದ್ದೇನಲ್ಲ. ಮೀನಿಲ್ಲದ ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ತಿಂಡಿ ಹಾಕಿ ಕೊಳೆಯಲು ಬಿಟ್ಟೆ. ಅಣ್ಣನ ಮನೆಯ ದೊಡ್ಡ ಟ್ಯಾಂಕಿನ ಫಿಲ್ಟರಿನಿಂದ ಒಂದು ತುಂಡು ಕೊಳಕು ಸ್ಪಂಜು ತಂದು ನಮ್ಮ ಫಿಲ್ಟರಿಗೆ ತುರುಕಿದೆ. ಖಾಲಿ ನೀರಿಗೆ ದಿನಾ ತಿಂಡಿ ಹಾಕುವ ಸೊಸೆಯನ್ನು ಅತ್ತೆ ಹೇಗೆ ನೋಡಿದರು ಅಂತ ನೀವೇ ಊಹಿಸಿಕೊಳ್ಳಿ. ಅಮೋನಿಯ, ನೈಟ್ರೈಟ್ ಎರಡೂ ಏರಿ ಸೊನ್ನೆಗೆ ಇಳಿಯುವವರೆಗೆ ಮಗಳು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋದಳು.

ಇಲ್ಲಿ ನಮ್ಮೂರಿನ ನೀರಿಗೆ ಸಂಬಂಧಪಟ್ಟ ಒಂದು ಮಾತು ಹೇಳಲೇಬೇಕು. ಅಮೋನಿಯದಲ್ಲಿ ಎರಡು ರೂಪ. ಒಂದು ತುಂಬಾ ವಿಷ, ಇನ್ನೊಂದು ಅಷ್ಟಿಲ್ಲ. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ನೀರಿನ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಮತ್ತು ಬಿಸಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ಸುಮಾರು ಅರ್ಧ ಪರ್ಸೆಂಟ್. ಪಿಎಚ್ 8 ಆದರೆ ಐದು ಪರ್ಸೆಂಟ್ ದಾಟುತ್ತದೆ. ಅದೇ ಅಮೋನಿಯ, ಹತ್ತಿರ ಹತ್ತಿರ ಹತ್ತು ಪಟ್ಟು ಅಪಾಯ. ನಮ್ಮ ಬೋರ್‌ವೆಲ್ ನೀರಿನ ಪಿಎಚ್ 8ರ ಹತ್ತಿರ ಬಂತು. ಲವಣ, ಪಿಎಚ್ ಎರಡೂ ಕಡಿಮೆ ಇರುವ ಮೆತ್ತನೆಯ ನೀರಿನ ಊರಿನವರು ಬರೆದ ಸಲಹೆ ಕಣ್ಣುಮುಚ್ಚಿ ಹಿಡಿದರೆ ಇಂಥಲ್ಲಿ ಏಟು ಬೀಳುತ್ತದೆ.

ಪರೀಕ್ಷೆಗೆ ನಾನು ಬಳಸಿದ್ದು ಎಪಿಐ ಕಂಪನಿಯ ಹನಿ ಹಾಕುವ ಕಿಟ್. ಗಾಜಿನ ಕೊಳವೆಯಲ್ಲಿ ನೀರು ತೆಗೆದು, ಬಾಟಲಿಯಿಂದ ಹನಿ ಹಾಕಿ, ಬಣ್ಣವನ್ನು ಕಾರ್ಡಿನ ಜೊತೆ ಹೋಲಿಸುವುದು. ನೈಟ್ರೇಟಿನ ಎರಡನೇ ಬಾಟಲಿಯನ್ನು ಹನಿ ಹಾಕುವ ಮುಂಚೆ ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಒಳಗಿನದು ತಳಕ್ಕೆ ಕೂತಿರುತ್ತದೆ, ಕುಲುಕದಿದ್ದರೆ ಸುಳ್ಳು ಅಂಕಿ ಬರುತ್ತದೆ. ಕಾರ್ಡಿನಲ್ಲಿ 20 ಪಿಪಿಎಂ (ಅಂದರೆ ಲೀಟರಿಗೆ 20 ಮಿಲಿಗ್ರಾಂ) ಕೆಂಪಿಗೂ 40ರ ಕೆಂಪಿಗೂ ವ್ಯತ್ಯಾಸ ಹೇಳುವುದು ಕಷ್ಟ. ಸಂದೇಹ ಬಂದರೆ ಟ್ಯಾಂಕಿನ ನೀರಿಗೆ ಸಮ ಪ್ರಮಾಣದ ಆರ್‌ಒ ನೀರು ಬೆರೆಸಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸುತ್ತಿದ್ದೆ. ಆರ್‌ಒ ನೀರಿನಲ್ಲೇ ಎಷ್ಟಿದೆ ಅಂತ ಮೊದಲು ನೋಡಿಕೊಂಡಿರಬೇಕು, ಅಷ್ಟೆ.

ಕಿಟ್ ಬಂದ ದಿನ ನಾನು ಟ್ಯಾಂಕಿಗಿಂತ ಮೊದಲು ಪರೀಕ್ಷೆ ಮಾಡಿದ್ದು ನಲ್ಲಿಯ ನೀರನ್ನು. ನಮ್ಮದು ಬಾಡಿಗೆ ಮನೆ. ಕಾವೇರಿ ನೀರು ಬಂದ ದಿನ ನೆಲದಡಿಯ ಸಂಪಿನಲ್ಲಿ ತುಂಬಿಕೊಳ್ಳುತ್ತದೆ, ಬರದಿದ್ದಾಗ ಬೋರ್‌ವೆಲ್. ಕಾವೇರಿ ನೀರಿನಲ್ಲಿ ನೈಟ್ರೇಟ್ ಸುಮಾರು 5 ಪಿಪಿಎಂ ತೋರಿಸಿತು. ಬೋರ್‌ವೆಲ್ ನೀರಿನಲ್ಲಿ 20. ಒಂದೂ ಮೀನಿಲ್ಲದೆ, ಭೂಮಿಯೊಳಗಿಂದ ಬಂದ ನೀರಿನಲ್ಲೇ 20! ಒಳಚರಂಡಿ, ಗೊಬ್ಬರ ಎಲ್ಲ ಇಳಿದು ಅಂತರ್ಜಲ ಸೇರಿದ ಕಡೆಗಳಲ್ಲಿ ಇದು ಮಾಮೂಲಿ. ನಮಗೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು ಅಂತ ಭಾರತೀಯ ಮಾನಕದ ಮಿತಿ. ಮೀನಿನ ಟ್ಯಾಂಕಿನಲ್ಲಿ ನಾನು ಇಟ್ಟುಕೊಂಡ ಗುರಿ 30. ಕೆಲವರು 20 ಎನ್ನುತ್ತಾರೆ, ಕೆಲವರು 40ಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ನಡುವೆ ನಿಂತೆ.

ನಲ್ಲಿ ನೀರಿನ ಈ ಅಂಕಿ ಸಿಕ್ಕಿದ ಮೇಲೆ ಲೆಕ್ಕಕ್ಕೆ ಒಂದು ದಾರಿ ಕಂಡಿತು. ವಾರಕ್ಕೆ ಟ್ಯಾಂಕಿನಲ್ಲಿ ನೈಟ್ರೇಟ್ ಇಷ್ಟು ಏರುತ್ತದೆ, ವಾರಕ್ಕೆ ಇಷ್ಟು ಭಾಗ ನೀರು ಬದಲಿಸುತ್ತೇನೆ ಅಂತ ಇಟ್ಟುಕೊಳ್ಳಿ. ಇದೇ ಕ್ರಮದಲ್ಲಿ ತಿಂಗಳುಗಟ್ಟಲೆ ನಡೆದರೆ ನೈಟ್ರೇಟ್ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಎಲ್ಲಿ? ವಾರದ ಏರಿಕೆಯನ್ನು ಬದಲಿಸುವ ಭಾಗದಿಂದ ಭಾಗಿಸಿ, ಅದಕ್ಕೆ ಹೊಸ ನೀರಿನಲ್ಲೇ ಇರುವ ನೈಟ್ರೇಟ್ ಕೂಡಿಸಿ. ನೀರು ಬದಲಿಸುವ ದಿನ ಬೆಳಿಗ್ಗೆ ಟ್ಯಾಂಕಿನಲ್ಲಿ ಇರುವುದು ಅಷ್ಟು. ಉದಾಹರಣೆಗೆ ವಾರಕ್ಕೆ 10 ಏರುತ್ತದೆ, ಅರ್ಧ ನೀರು ಬದಲಿಸುತ್ತೀರಿ, ಹೊಸ ನೀರಿನಲ್ಲಿ 5 ಇದೆ. 10 ಭಾಗಿಸು ಅರ್ಧ, 20. ಕೂಡಿಸು 5. ನಿಲ್ಲುವುದು 25ಕ್ಕೆ. ಕಾಲು ಭಾಗ ಮಾತ್ರ ಬದಲಿಸಿದರೆ 45ಕ್ಕೆ ಹೋಗಿ ನಿಲ್ಲುತ್ತದೆ.

ಬದಲಿಸುವ ಭಾಗ ಎಷ್ಟು ಎಂಬುದನ್ನು ತೀರ್ಮಾನಿಸಿದ್ದು ನನ್ನ ಸೊಂಟ. ಬಚ್ಚಲಿನಿಂದ ಹಾಲಿನವರೆಗೆ ಚೆಲ್ಲದ ಹಾಗೆ ಹೊತ್ತು ತರಲು ಆಗುವ ಬಕೆಟ್ಟಿನಲ್ಲಿ 13 ಲೀಟರ್ ಹಿಡಿಯುತ್ತದೆ. 42ಕ್ಕೆ 13 ಎಂದರೆ ಸುಮಾರು ಮೂವತ್ತು ಪರ್ಸೆಂಟ್. ವಾರಕ್ಕೆ ಒಂದು ಬಕೆಟ್ ಖಂಡಿತ ಮಾಡುತ್ತೇನೆ. ಎರಡು ಬಕೆಟ್ ಅಗತ್ಯ ಬಿದ್ದರೆ ಮಾಡಿಯೇನು. ಮೂರು ಅಂತ ಬರೆದುಕೊಂಡರೆ ಅದು ಸುಳ್ಳು ಲೆಕ್ಕ.

ಇನ್ನು ಉಳಿದದ್ದು ವಾರದ ಏರಿಕೆ. ಇದನ್ನು ಮೀನಿನ ತಲೆ ಎಣಿಸಿ ತಿಳಿಯಲಾಗದು. ತಿಂಡಿ ತೂಗಿ ತಿಳಿಯಬಹುದು. ಟ್ಯಾಂಕಿಗೆ ಬರುವ ಸಾರಜನಕವೆಲ್ಲ ತಿಂಡಿಯ ಡಬ್ಬಿಯಿಂದಲೇ ಬರಬೇಕಲ್ವಾ? ನಮ್ಮ ಡಬ್ಬಿಯ ಮೇಲೆ ಪ್ರೋಟೀನ್ 40 ಪರ್ಸೆಂಟ್ ಅಂತ ಇತ್ತು. ಪ್ರೋಟೀನಿನಲ್ಲಿ ಸಾರಜನಕ ಸುಮಾರು 16 ಪರ್ಸೆಂಟ್. ಅಂದರೆ ಒಂದು ಗ್ರಾಂ ತಿಂಡಿಯಲ್ಲಿ 64 ಮಿಲಿಗ್ರಾಂ ಸಾರಜನಕ. ಅದರಲ್ಲಿ ಕಾಲು ಭಾಗ ಮೀನಿನ ಮೈಗೆ ಹತ್ತುತ್ತದೆ ಅಂತ ಹಿಡಿದೆ. ಉಳಿದ 48 ಮಿಲಿಗ್ರಾಂ ಕೊನೆಗೆ ನೈಟ್ರೇಟ್ ಆಗುವಾಗ 4.43 ಪಟ್ಟು ತೂಗುತ್ತದೆ, ಯಾಕೆಂದರೆ ಸಾರಜನಕದ ಜೊತೆ ಆಮ್ಲಜನಕವೂ ಸೇರಿಕೊಂಡಿರುತ್ತದೆ. ಬಂದದ್ದು ಸುಮಾರು 213 ಮಿಲಿಗ್ರಾಂ. 42 ಲೀಟರಿಗೆ ಹಂಚಿದರೆ ಲೀಟರಿಗೆ 5.

ಒಂದು ಗ್ರಾಂ ತಿಂಡಿ, 5 ಪಿಪಿಎಂ. ಇಷ್ಟು ಸಲೀಸಾದ ಅಂಕಿ ಬಂದದ್ದಕ್ಕೆ ಮೊದಲು ಅನುಮಾನವೇ ಆಯಿತು. ಮತ್ತೆ ಮಾಡಿದರೂ ಅದೇ ಬಂತು. ಗಿಡ ಎಷ್ಟು ಹೀರುತ್ತದೆ ಎಂಬುದನ್ನು ಬೇಕಂತಲೇ ಬಿಟ್ಟೆ. ಟ್ಯಾಂಕಿನ ಅಂಚಿಗೆ ಒಂದು ಮನಿಪ್ಲಾಂಟ್ ಬಳ್ಳಿ ಸಿಕ್ಕಿಸಿದ್ದೇನೆ, ಬೇರು ನೀರಿನಲ್ಲಿ ಎಲೆ ಹೊರಗೆ. ಅದು ಹೀರಿದ್ದು ಲಾಭ.

ಈಗ ಉಲ್ಟಾ ಹೋಗುವುದು. ಗುರಿ 30. ಸಂಪಿನಲ್ಲಿ ಕಾವೇರಿ ನೀರಿದ್ದು, ವಾರಕ್ಕೆ ಒಂದು ಬಕೆಟ್ ಬದಲಿಸಿದರೆ ವಾರದ ಏರಿಕೆ ಏಳೂವರೆ ಪಿಪಿಎಂ ಮೀರಬಾರದು. ಅಂದರೆ ವಾರಕ್ಕೆ ಒಂದೂವರೆ ಗ್ರಾಂ ತಿಂಡಿ. ದಿನಕ್ಕೆ 0.2 ಗ್ರಾಮಿಗಿಂತ ಒಂಚೂರು ಜಾಸ್ತಿ. ಸಣ್ಣ ಮೀನು ದಿನಕ್ಕೆ ತನ್ನ ತೂಕದ ಮೂರು ಪರ್ಸೆಂಟ್ ತಿಂದರೆ ಆರಾಮಾಗಿರುತ್ತದೆ ಅಂತ ಹಿಡಿದರೆ, ಟ್ಯಾಂಕಿನಲ್ಲಿ ಒಟ್ಟು ಏಳು ಗ್ರಾಂ ಮೀನು ಇರಬಹುದು. ಅರ್ಧ ಗ್ರಾಮಿನ ಮೀನಾದರೆ ಹದಿನಾಲ್ಕು.

ಬೋರ್‌ವೆಲ್ ನೀರಾದರೆ? 30ರಲ್ಲಿ 20 ಆಗಲೇ ಹೋಯಿತು. ಒಂದು ಬಕೆಟ್ಟಿಗೆ ವಾರದ ಏರಿಕೆ 3 ಮಾತ್ರ. ವಾರಕ್ಕೆ 0.6 ಗ್ರಾಂ ತಿಂಡಿ, ಒಟ್ಟು ಮೂರು ಗ್ರಾಮಿನೊಳಗೆ ಮೀನು. ಹದಿನಾಲ್ಕರಿಂದ ಆರಕ್ಕೆ ಇಳಿಯಿತು. ಟ್ಯಾಂಕ್ ಅದೇ, ಫಿಲ್ಟರ್ ಅದೇ, ನೀರಿನ ಮೂಲ ಮಾತ್ರ ಬೇರೆ. ಎರಡು ಬಕೆಟ್ ಬದಲಿಸಿದರೆ ಐದೂವರೆ ಗ್ರಾಂ ದಾಟಬಹುದು. ಅಂಗಡಿಯವರಾಗಲಿ ಅಣ್ಣನಾಗಲಿ ಒಂದು ಅಂಕಿ ಹೇಳುವಾಗ "ನಿಮ್ಮ ಮನೆಗೆ ಯಾವ ನೀರು ಬರುತ್ತೆ" ಅಂತ ಕೇಳಿರಲಿಲ್ಲ.

ನಾನು ಬೇಸಿಗೆಯ ಲೆಕ್ಕವನ್ನೇ ಹಿಡಿದೆ. ಕಾವೇರಿ ಬರದ ವಾರಗಳಲ್ಲಿ ಎರಡು ಬಕೆಟ್, ಒಟ್ಟು ಐದು ಗ್ರಾಂ ಮೀನು. ಉಳಿದ ಕಾಲಕ್ಕೆ ಒಂದು ಬಕೆಟ್ ಸಾಕಾಗುತ್ತದೆ.

ಐದು ಗ್ರಾಂ ಅಂತ ಅಂಗಡಿಗೆ ಹೋಗಿ ಕೇಳಲು ಆಗುತ್ತದೆಯೇ! ಹಾಗಾಗಿ ಅಣ್ಣನ ಮನೆಯಲ್ಲಿ ತೂಗಿದೆವು. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ, ಅದರ ಮೇಲೆ ಅರ್ಧ ಲೋಟ ನೀರು. ಅಂಕಿಯನ್ನು ಸೊನ್ನೆಗೆ ತಂದು, ಬಲೆಯಲ್ಲಿ ಮೀನು ಹಿಡಿದು, ನೀರು ಸೋರಿಸಿ ಲೋಟಕ್ಕೆ ಬಿಡುವುದು. ಅಂಕಿ ನೋಡಿ ತಕ್ಷಣ ವಾಪಸ್. ಬೆಳೆದ ಜೀಬ್ರಾ ಡ್ಯಾನಿಯೊ ಅರ್ಧ ಗ್ರಾಂ ಆಸುಪಾಸು ಬಂತು. ಗಂಡು ಗಪ್ಪಿ ಅಷ್ಟು ದೊಡ್ಡ ಬಾಲ ಹೊತ್ತೂ 0.2. ಹೆಣ್ಣು ಮೋಲಿ ಎರಡು ಗ್ರಾಂ ದಾಟಿತು. ಅಣ್ಣನ ನಾಲ್ಕು ಇಂಚಿನ ಗೋಲ್ಡ್ ಫಿಶ್ ಇಪ್ಪತ್ತು ಗ್ರಾಮಿಗಿಂತ ಮೇಲಿತ್ತು. ನನ್ನ ಟ್ಯಾಂಕಿನ ನಾಲ್ಕು ಪಟ್ಟು ಕೋಟಾ ಒಂದೇ ಮೀನಿಗೆ. ಅಲ್ಲಿಗೆ ಗೋಲ್ಡ್ ಫಿಶ್ ಮಾತು ಮುಗಿಯಿತು. ಗಾಜಿನ ಬುಟ್ಟಿಯಂಥ ಬೌಲಿನಲ್ಲಿ ಎರಡು ಗೋಲ್ಡ್ ಫಿಶ್ ಇಟ್ಟು ಉಡುಗೊರೆ ಕೊಡುವವರನ್ನು ಈಗ ಕಂಡರೆ ನನಗೆ ಕೋಪ ಬರುತ್ತದೆ.

ತೂಕ ಸರಿಹೋದರೆ ಸಾಲದು. ಮೀನು ಬೆಳೆಯುತ್ತದೆ. ಅಂಗಡಿಯಲ್ಲಿ ಎರಡು ಇಂಚು ಇರುವ ಮೀನನ್ನು ಅದರ ಪೂರ್ತಿ ಬೆಳೆದ ಅಳತೆಯಲ್ಲೇ ಲೆಕ್ಕಕ್ಕೆ ಹಿಡಿಯಬೇಕು. "ಟ್ಯಾಂಕ್ ಕ್ಲೀನ್ ಮಾಡುತ್ತೆ ಮೇಡಂ" ಅಂತ ಕೊಡುವ ಸಕ್ಕರ್ ಫಿಶ್ ಒಂದೂವರೆ ಅಡಿ ತಲುಪಬಲ್ಲದು. ಬೆಳೆದ ಮೇಲೆ ಜನ ಅದನ್ನು ಕೆರೆಗೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಈಗ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಬಲೆಗೆ ಬೀಳುತ್ತಿದೆ, ಬಲೆ ಹರಿಯುತ್ತಿದೆ. ಅದು ಗಲೀಜು ತಿಂದು ಮಾಯ ಮಾಡುವುದೂ ಇಲ್ಲ, ತಿಂದು ಇನ್ನಷ್ಟು ಗಲೀಜು ಮಾಡುತ್ತದೆ. ಮಗಳಿಗೆ ಮಿಸ್ ಕೇರಳ ಮೀನಿನ ಮೇಲೆ ಕಣ್ಣಿತ್ತು. ಮೈಮೇಲೆ ಕೆಂಪು ಪಟ್ಟಿ, ಕಪ್ಪು ಗೆರೆ, ನೋಡಲು ಚೆಂದವೇ. ಕೇರಳ, ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳ ಮೀನು ಅದು. ಹರಿಯುವ ತಣ್ಣನೆಯ ನೀರು ಬೇಕು, ಗುಂಪಾಗಿರಬೇಕು, ಅರ್ಧ ಅಡಿಯ ಹತ್ತಿರ ಬೆಳೆಯುತ್ತದೆ. ನಾಲ್ಕು ಅಡಿ ಟ್ಯಾಂಕಿಗಿಂತ ಚಿಕ್ಕದರಲ್ಲಿ ಇಡಬಾರದು.

ನಿಯಾನ್ ಟೆಟ್ರಾ ತೂಕದಲ್ಲಿ ಸರಿಹೋಗುತ್ತಿತ್ತು, ಆದರೆ ಅದಕ್ಕೆ ಮೆತ್ತನೆಯ ನೀರು ಇಷ್ಟ. ನಮ್ಮ ಬೋರ್‌ವೆಲ್ ನೀರಿನಲ್ಲಿ ಪಾತ್ರೆ ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ. ಗಪ್ಪಿಗೆ ಇಂಥ ಗಡಸು ನೀರೇ ಹಿತ. ಗಪ್ಪಿಯಲ್ಲಿ ಬೇರೆ ಸಮಸ್ಯೆ: ಗಂಡು ಹೆಣ್ಣು ಜೊತೆಗೆ ಬಿಟ್ಟರೆ ತಿಂಗಳಿಗೊಮ್ಮೆ ಮರಿ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು. ಅತ್ತೆಯ "ಒಂದು ಜೋಡಿ" ಬಿಟ್ಟಿದ್ದರೆ ಮಗಳ ನೂರು ತಾನಾಗೇ ಆಗುತ್ತಿತ್ತು. ಹಾಗಾಗಿ ಗಂಡು ಗಪ್ಪಿ ಮಾತ್ರ.

ಕೊನೆಗೆ ಪಟ್ಟಿ ಹೀಗಾಯಿತು: ಎಂಟು ಜೀಬ್ರಾ ಡ್ಯಾನಿಯೊ, ಐದು ಗಂಡು ಗಪ್ಪಿ. ಡ್ಯಾನಿಯೊ ನಮ್ಮ ದೇಶದ ತೊರೆಗಳದೇ ಮೀನು, ಗಟ್ಟಿ ಜೀವ, ಗುಂಪಿನಲ್ಲಿ ಆರಕ್ಕಿಂತ ಕಡಿಮೆ ಇದ್ದರೆ ಒಂದನ್ನೊಂದು ಅಟ್ಟಾಡಿಸುತ್ತದೆ. ಕಡಿಮೆ ಮೀನು ಬಿಟ್ಟಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಉದ್ದ ಬಾಲ ಕಂಡರೆ ಕಚ್ಚುವ ಚಟವೂ ಅದಕ್ಕಿದೆ, ಅದಕ್ಕೇ ಗಪ್ಪಿಯಲ್ಲಿ ಗಿಡ್ಡ ಬಾಲದವನ್ನೇ ಆರಿಸಿದೆವು. ಎಂಟು ಅರ್ಧ ನಾಲ್ಕು, ಐದು 0.2 ಒಂದು. ಒಟ್ಟು ಐದು ಗ್ರಾಂ. ಹಳೆಯ ಸೂತ್ರಗಳ ಜೊತೆ ಹೋಲಿಸಿದರೆ ಬಾಲ ಬಿಟ್ಟು ಸುಮಾರು 14 ಇಂಚು, ಬಾಲ ಸೇರಿಸಿದರೆ ಇಪ್ಪತ್ತರ ಹತ್ತಿರ. ಅಂದರೆ ಮೇಲ್ಮೈ ಸೂತ್ರಕ್ಕೆ ಪಾಸು, ಗ್ಯಾಲನ್ ಸೂತ್ರಕ್ಕೆ ಫೇಲು.

ಎಲ್ಲವನ್ನೂ ಒಂದೇ ದಿನ ಬಿಡಲಿಲ್ಲ. ಮೊದಲು ನಾಲ್ಕು ಡ್ಯಾನಿಯೊ, ಅಮೋನಿಯ ಸೊನ್ನೆಯಲ್ಲೇ ನಿಂತದ್ದು ಕಂಡ ಮೇಲೆ ಉಳಿದ ನಾಲ್ಕು, ಆಮೇಲೆ ಗಪ್ಪಿ. ಬ್ಯಾಕ್ಟೀರಿಯಾ ತಮಗೆ ಸಿಗುವ ಅಮೋನಿಯಕ್ಕೆ ತಕ್ಕಷ್ಟೇ ಇರುತ್ತವೆ, ಮೀನು ಹೆಚ್ಚಿದರೆ ಅವು ಹೆಚ್ಚಲು ಸಮಯ ಬೇಕು.

ಎಲ್ಲ ಸೇರಿದ ಮೇಲೆ ನನ್ನ ಲೆಕ್ಕದ ಪ್ರಕಾರ ದಿನಕ್ಕೆ 0.15 ಗ್ರಾಂ ತಿಂಡಿ. ತಕ್ಕಡಿಯಲ್ಲಿ ನೋಡಿದರೆ ನನ್ನ ಒಂದು ಚಿಟಿಕೆ ಅಷ್ಟೇ ಇತ್ತು. ವಾರಕ್ಕೆ ಒಂದು ಗ್ರಾಂ, ಏರಿಕೆ 5. ಕಾವೇರಿ ನೀರಿನಲ್ಲಿ ಒಂದು ಬಕೆಟ್ ಬದಲಿಸುತ್ತಿದ್ದರೆ ನೈಟ್ರೇಟ್ 21ರ ಸುತ್ತಮುತ್ತ ನಿಲ್ಲಬೇಕು. ಕಿಟ್ಟಿನ ಬಣ್ಣ ಮೊದಮೊದಲು ಹಾಗೇ ಹೋಯಿತು. ಆಮೇಲೆ ಮೆಲ್ಲಗೆ ಕಡುಗೆಂಪಾಗತೊಡಗಿತು. ಅರ್ಧ ಆರ್‌ಒ ನೀರು ಬೆರೆಸಿ, ಎರಡರಿಂದ ಗುಣಿಸಿ ನೋಡಿದರೂ 40ರ ಹತ್ತಿರ. ಲೆಕ್ಕ ತಪ್ಪಿರಬೇಕು ಅಂತ ಯಜಮಾನರು ನಕ್ಕರು. 40 ಬರಬೇಕಾದರೆ ತಿಂಡಿ ಎಷ್ಟು ಬೀಳುತ್ತಿರಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಿದೆ. ವಾರಕ್ಕೆ ಎರಡು ಗ್ರಾಮಿಗಿಂತ ಜಾಸ್ತಿ. ಸರಿಯಾಗಿ ಇನ್ನೊಂದು ಚಿಟಿಕೆ!

ಆ ಇನ್ನೊಂದು ಚಿಟಿಕೆ ಮಧ್ಯಾಹ್ನದ್ದು. ಊಟ ಆದ ಮೇಲೆ ಅತ್ತೆ ಟ್ಯಾಂಕಿನ ಮುಂದೆ ಕೂರುತ್ತಿದ್ದರು. "ಪಾಪ, ಎದುರಿಗೆ ಕೂತ್ರೆ ಬಾಯಿ ಬಿಟ್ಕೊಂಡು ಬರ್ತವೆ. ಹೇಗಮ್ಮ ಸುಮ್ನಿರೋದು?" ಎಂದರು. ಬೇಡ ಎನ್ನಲು ನನಗೂ ಮನಸ್ಸಾಗಲಿಲ್ಲ. ಅವರದೇ ಬಿಪಿ ಮಾತ್ರೆ ಹಾಕಿಡುವಂಥ, ಸೋಮವಾರದಿಂದ ಭಾನುವಾರದವರೆಗೆ ಖಾನೆ ಇರುವ ಇನ್ನೊಂದು ಡಬ್ಬಿ ತಂದೆವು. ಭಾನುವಾರ ರಾತ್ರಿ ಮಗಳು ಏಳು ಖಾನೆಗೂ 0.15 ಗ್ರಾಂ ತೂಗಿ ತುಂಬುತ್ತಾಳೆ. ಬೆಳಿಗ್ಗೆ ಅರ್ಧ ನಾನು, ಮಧ್ಯಾಹ್ನ ಅರ್ಧ ಅತ್ತೆ. ಖಾನೆ ಖಾಲಿಯಾದರೆ ಆ ದಿನದ್ದು ಮುಗಿಯಿತು. ಮುಂದಿನ ವಾರಗಳಲ್ಲಿ ಅಂಕಿ ಇಳಿದು 20ರ ಹತ್ತಿರ ಬಂದು ಕೂತಿತು.

ಬೇಸಿಗೆಯ ಲೆಕ್ಕವೂ ಪರೀಕ್ಷೆಗೆ ಬಂತು. ಅದು 2024. ಬೋರ್‌ವೆಲ್‌ಗಳು ಬತ್ತಿ, ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿದ್ದ ಬೇಸಿಗೆ. ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದಿತು. ಮೀನಿನ ಟ್ಯಾಂಕಿನ ಬಗ್ಗೆ ಆದೇಶದಲ್ಲಿ ಏನಾದರೂ ಇದೆಯೇ ಅಂತ ಮಗಳು ಪೇಪರ್ ಹುಡುಕಿದಳು. ನಮಗೆ ಬಂದ ಟ್ಯಾಂಕರ್ ನೀರು ಯಾವುದೋ ಬೋರ್‌ವೆಲ್‌ನದೇ, ನೈಟ್ರೇಟ್ ಮತ್ತೆ 20ರ ಬಣ್ಣ. ಎರಡು ಬಕೆಟ್ ಬದಲಿಸುವ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಮನೆಯವರು ಸ್ನಾನದ ನೀರು ಎಣಿಸುತ್ತಿರುವಾಗ ಮೀನಿಗೆ 26 ಲೀಟರ್ ಅಂತ ಕೇಳುವುದು ಹೇಗೆ? ತಿಂಡಿಯ ಕಡೆಯಿಂದ ಬಿಗಿ ಮಾಡಿದೆ. ಖಾನೆಗೆ 0.15ರ ಬದಲು 0.1 ಗ್ರಾಂ, ವಾರದಲ್ಲಿ ಒಂದು ದಿನ ಉಪವಾಸ. ಆರೋಗ್ಯವಾಗಿರುವ ದೊಡ್ಡ ಮೀನಿಗೆ ಒಂದು ದಿನದ ಉಪವಾಸ ಏನೂ ಮಾಡುವುದಿಲ್ಲ. ಏರಿಕೆ 3ಕ್ಕೆ ಬಂತು. ಒಂದೇ ಬಕೆಟ್ಟಿನಲ್ಲಿ 30 ಮೀರದೆ ನಿಂತಿತು. ತೆಗೆದ ನೀರೆಲ್ಲ ಕರಿಬೇವು, ದಾಸವಾಳದ ಕುಂಡಗಳಿಗೆ. ಆ ಬೇಸಿಗೆಯಲ್ಲಿ ನಮ್ಮ ಬಾಲ್ಕನಿಯ ಗಿಡಗಳಿಗೆ ಸಿಕ್ಕಿದ್ದು ಇದೇ ನೀರು, ಅದರಲ್ಲಿದ್ದ ನೈಟ್ರೇಟ್ ಅವಕ್ಕೆ ಗೊಬ್ಬರ.

ಕಾವೇರಿ ನೀರು ವಾಪಸ್ ಬಂದಾಗ ಕ್ಲೋರಿನ್ ವಾಸನೆ ಜೋರಾಗಿತ್ತು. ಬಕೆಟ್ಟಿನಲ್ಲಿ ಒಂದು ದಿನ ಗುಳ್ಳೆ ಬಿಟ್ಟು ಇಟ್ಟು, ಆಮೇಲೆ ಕ್ಲೋರಿನ್ ತೆಗೆಯುವ ಹನಿಯನ್ನೂ ಹಾಕಿ ಬಳಸಿದೆ. ಕ್ಲೋರಿನ್ ಮೀನಿನ ಕಿವಿರು ಸುಡುವುದಲ್ಲದೆ ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅವು ಸತ್ತರೆ ಮೇಲಿನ ಲೆಕ್ಕ ಒಂದೂ ನಡೆಯುವುದಿಲ್ಲ.

ಈಗ ಮಗಳು ತಳದಲ್ಲಿ ಓಡಾಡುವ ಕೋರಿಡೋರಾಸ್ ಬೇಕು ಅಂತ ಹಠ ಹಿಡಿದಿದ್ದಾಳೆ. ಅವೂ ಗುಂಪಿನ ಮೀನೇ, ಕನಿಷ್ಠ ಆರು. ಪೂರ್ತಿ ಬೆಳೆದರೆ ಒಂದೊಂದೂ ಡ್ಯಾನಿಯೊಗಿಂತ ಭಾರ. ಈ ಟ್ಯಾಂಕಿನಲ್ಲಿ ಆಗುವುದಿಲ್ಲ ಎಂದೆ. ಅವಳು ವಾದ ಮಾಡದೆ ಕಾಗದ ಪೆನ್ನು ತಂದು ಮೂರು ಅಡಿ ಟ್ಯಾಂಕಿನ ಲೆಕ್ಕ ಶುರು ಮಾಡಿದಳು. ನೀರು ಎಷ್ಟು ಹಿಡಿಯುತ್ತದೆ, ಎಷ್ಟು ಗ್ರಾಂ ಮೀನು ಎಲ್ಲ ಬರೆದಾಯಿತು. ವಾರಕ್ಕೆ ಎಷ್ಟು ಬಕೆಟ್ ಎಂಬ ಕಡೆ ಮೂರು ಅಂತ ಬರೆದು, ಪಕ್ಕದಲ್ಲಿ "ಅಪ್ಪ" ಅಂತ ಸೇರಿಸಿದ್ದಾಳೆ. ಅವರಿಗೆ ಇನ್ನೂ ಹೇಳಿಲ್ಲ.